ಕಾಕಾ ಕೊಡದ ಸ್ಟೀರಿಂಗ್

ಕಾಕಾ ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಹುಣಸೆ ಬೀಜದ ಹಾಗೆ ಮಿರುಗುವ ಗಟ್ಟಿ ಚರ್ಮವಿತ್ತು. ಪಾದ ಅಗಲ, ಹಿಮ್ಮಡಿಯ ಬಿರುಕುಗಳಲ್ಲಿ ವರ್ಷವಿಡೀ ಕಪ್ಪು ಎರಿಮಣ್ಣು. ಆ ಬರಿಗಾಲನ್ನು ಆಕ್ಸಿಲರೇಟರಿನ ಮೇಲಿಟ್ಟು ಮೂವತ್ತು ವರ್ಷ ಜೀಪು ಹೊಡೆದರು. ಆಕ್ಸಿಲರೇಟರಿನ ರಬ್ಬರು ಎಂದೋ ಉದುರಿ ಹೋಗಿತ್ತು. ಎರಡೂ ಸವೆದು ಒಂದಕ್ಕೊಂದು ಹೊಂದಿಕೊಂಡಿದ್ದವು.

ಅವರು ನನಗೆ ಸಂಬಂಧಿಯಲ್ಲ. ನಮ್ಮ ಕಡೆ ಡ್ರೈವರನಿಗೆ ತಲೆ ನೆರೆತರೆ ಅವನು ಊರಿಗೆಲ್ಲ ಕಾಕಾ. ಅಲಖನೂರಿನವರು. ವಾರವಿಡೀ ಸಂತೆಯ ಮಂದಿಯನ್ನು, ಅವರ ಕೋಳಿ, ಮೇಕೆ, ಚೀಲಗಳನ್ನು ತುಂಬಿಕೊಂಡು ರಾಯಬಾಗಕ್ಕೆ ಹೋಗುತ್ತಿದ್ದರು. ರವಿವಾರ ನಮ್ಮನ್ನು ತುಂಬಿಕೊಳ್ಳುತ್ತಿದ್ದರು. ಕೋಳಿ ಮೇಕೆಗಳಿಗೆ ಹೋಲಿಸಿದರೆ ನಾವು ಕೆಳದರ್ಜೆಯ ಸರಕು ಎಂಬುದನ್ನು ಅವರು ಒಂದು ದಿನವೂ ಮುಚ್ಚಿಡಲಿಲ್ಲ.

ನಾವು ಎಂದರೆ ಕಲ್ಲು ಹತ್ತುವವರು. ಚಿಕ್ಕೋಡಿಯ ಕಾಲೇಜಿನಲ್ಲಿ ಗಣಿತ ಹೇಳುವ ನಾನು, ಅಥಣಿಯ ಒಬ್ಬ ಹಲ್ಲಿನ ಡಾಕ್ಟರು, ಜೊತೆಗೆ ಆಗಾಗ ಬಂದು ಹೋಗುವ ಒಂದಿಬ್ಬರು. ಉಂಡು ತಿಂದು ಸುಖವಾಗಿದ್ದು, ಆ ಸುಖ ಅರಗದೆ ಒದ್ದಾಡುವ ಜನ. ಅಲಖನೂರಿನ ಆಚೆ ಕಬ್ಬಿನ ಹೊಲಗಳು ಮುಗಿದು ಬರಡು ಮಡ್ಡಿ ಶುರುವಾಗುವಲ್ಲಿ ಕೆಂಪು ಬಂಡೆಗಳ ಒಂದು ಸಾಲು ಇದೆ. ಬಣ್ಣಬಣ್ಣದ ಹಗ್ಗ, ಕೊಂಡಿ, ಹೆಲ್ಮೆಟ್ಟು ಹೊತ್ತುಕೊಂಡು ಹೋಗಿ ಅದನ್ನು ಹತ್ತುತ್ತಿದ್ದೆವು. ಬಂಡೆ ಮುಟ್ಟುವ ಮೊದಲು ಹತ್ತು ಫೋಟೋ, ಮುಟ್ಟಿದ ಮೇಲೆ ಇಪ್ಪತ್ತು. ಇದಕ್ಕೆ ಸಾಹಸ ಎಂದು ನಾವೇ ಹೆಸರಿಟ್ಟುಕೊಂಡಿದ್ದೆವು.

ಮೊದಲ ದಿನವೇ ಕಾಕಾ ಕೇಳಿದ್ದರು.

"ಮ್ಯಾಲ ಏನೈತಿ ಮಾಸ್ತರ್ರ?"

"ಏನೂ ಇಲ್ಲ ಕಾಕಾ."

"ಜೇನು?"

"ಇಲ್ಲ."

"ದೇವ್ರು?"

"ಅದೂ ಇಲ್ಲ."

"ಮತ್ತ ಏರಿ ಏನ್ ಮಾಡ್ತೀರಿ?"

"ಇಳಿದು ಬರ್ತೀವಿ."

ಕಾಕಾ ಬಾಯಲ್ಲಿದ್ದ ನಿಪ್ಪಾಣಿ ತಂಬಾಕನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಅಂದ್ರ ಇಲ್ಲೇ ಇದ್ರ ಆಗ್ತಿತ್ತಲ್ಲ" ಎಂದರು. ಡಾಕ್ಟರು ಹಗ್ಗದ ಬಲದ ಬಗ್ಗೆ, ಅದು ತಡೆಯುವ ಭಾರದ ಬಗ್ಗೆ ಭಾಷಣ ಶುರುಮಾಡಿದಾಗ ಪೂರಾ ಕೇಳಿಸಿಕೊಂಡು ಇಷ್ಟೇ ಹೇಳಿದರು: "ಹಗ್ಗಾ ನಮ್ಮ ಎತ್ತಿಗೂ ಕಟ್ಟೇವ್ರಿ. ಅದು ಇಷ್ಟ ಮಾತಾಡಂಗಿಲ್ಲ."

ನಿಜ ಹೇಳಬೇಕೆಂದರೆ ಆ ಬಂಡೆಯಲ್ಲಿ ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. ಕಷ್ಟವೆಲ್ಲ ಅಲ್ಲಿಗೆ ಮುಟ್ಟುವ ಹಾದಿಯಲ್ಲಿತ್ತು. ಡಾಂಬರು ಬಿಟ್ಟ ಮೇಲೆ ಮೊದಲು ಎರಿ, ಆಮೇಲೆ ಒಂದು ಹಳ್ಳ, ಅದು ದಾಟಿದರೆ ಕಲ್ಲು ಚೂರುಗಳ ಮಡ್ಡಿ. ಆ ಹಾದಿಗೆ ಎರಡು ಸಲ ಭೂಮಿಪೂಜೆ ಆಗಿದೆ. ಒಡೆದ ತೆಂಗಿನಕಾಯಿಯ ಚಿಪ್ಪು ಬಿಟ್ಟರೆ ಅದರ ಮೇಲೆ ಬೇರೇನೂ ಬಿದ್ದಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಓಡಾಡಿ, ಮೊಣಕಾಲುದ್ದ ಎರಡು ಗಾಲಿಗುಂಡಿ ಕೊರೆದು, ನಡುವೆ ಒಂದು ದಿಬ್ಬ ಎಬ್ಬಿಸಿ ಬಿಡುತ್ತವೆ.

ಕೆಟ್ಟ ಜಾಗ ಬಂದಾಗಲೆಲ್ಲ ಕಾಕಾ ಜೀಪು ನಿಲ್ಲಿಸಿ ಇಳಿಯುತ್ತಿದ್ದರು. ಬರಿಗಾಲಲ್ಲಿ ಆ ಕಡೆಯ ತುದಿಯವರೆಗೆ ನಡೆದು, ಹಿಮ್ಮಡಿಯಿಂದ ಅಲ್ಲಲ್ಲಿ ನೆಲ ಒತ್ತಿ, ವಾಪಸು ಬರುತ್ತಿದ್ದರು. ಎರಿಮಣ್ಣು ಮೇಲೆ ಒಣಗಿ ಹಪ್ಪಳವಾಗಿರುತ್ತದೆ, ಒಳಗೆ ಹಸಿ ಹಿಟ್ಟು. ಕಣ್ಣಿಗೆ ತಿಳಿಯದ್ದು ಹಿಮ್ಮಡಿಗೆ ತಿಳಿಯುತ್ತದೆ. ಬಂದು ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು. ಒಂದು "ನಡೀತೈತಿ". ಇನ್ನೊಂದು "ಇಳೀರಿ". ಇಳೀರಿ ಎಂದರೆ ಮುಗಿಯಿತು, ಮಾತಿಲ್ಲ, ಚೀಲ ಹೊತ್ತುಕೊಂಡು ಎಲ್ಲರೂ ಕೆಸರಲ್ಲಿ ನಡೆಯಬೇಕು. ಬಂಡೆ ಹತ್ತಲು ಬಂದ ವೀರರು ನಾಲ್ಕು ಮಾರು ಕೆಸರು ನಡೆಯಲು ಮುಖ ಸಿಂಡರಿಸುತ್ತಿದ್ದೆವು. ಬೂಟು ಹಾಳಾಗುತ್ತದಲ್ಲ!

ಹೀಗಿರುವಾಗ ಡಾಕ್ಟರು ಹೊಸ ಗಾಡಿ ಕೊಂಡರು. ನಾಲ್ಕೂ ಗಾಲಿಗೆ ಬಲವಿರುವ ದೊಡ್ಡ ಗಾಡಿ. ಎಂಥ ರಸ್ತೆಗೆ ಯಾವ ಗುಂಡಿ ಒತ್ತಬೇಕೆಂದು ಒಳಗೆ ಚಿತ್ರವೇ ಇತ್ತು. ಕೆಸರಿಗೊಂದು, ಮರಳಿಗೊಂದು, ಹಿಮಕ್ಕೂ ಒಂದು. ಅಥಣಿಯಲ್ಲಿ ಹಿಮ! "ಇನ್ನು ಕಾಕಾನ ಡಬ್ಬಿ ಯಾಕ ಬೇಕು?" ಎಂದರು. ನಾನೂ ನಕ್ಕೆ. ಹಾಗೆ ನಕ್ಕದ್ದಕ್ಕೆ ಇಂದಿಗೂ ನನಗೆ ನನ್ನ ಮೇಲೆ ಅಸಹ್ಯವಿದೆ.

ಆ ರವಿವಾರ ಹೋಗುವಾಗ ಹೇಗೋ ದಾಟಿದೆವು. ಮಧ್ಯಾಹ್ನ ಡಾಕ್ಟರು ಬಂಡೆಯಿಂದ ಬಿದ್ದರು. ಮೇಲಿಂದಲೂ ಅಲ್ಲ, ಬುಡದ ಕಲ್ಲೊಂದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಆಳೆತ್ತರದಿಂದ ಜಾರಿ ಪಾದದ ಕೀಲು ಮುರಿದುಕೊಂಡರು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಸ್ಟೀರಿಂಗ್ ನಾನು ಹಿಡಿದೆ. ಹಳ್ಳ ದಾಟಿ ಎರಿಗೆ ಬಂದಾಗ ಟ್ರ್ಯಾಕ್ಟರಿನ ಗಾಲಿಗುಂಡಿಗಳು ಒಣಗಿ ಅಚ್ಚುಕಟ್ಟಾಗಿ ಕಂಡವು. ನಮಗಾಗಿಯೇ ಹಾಕಿಟ್ಟ ಹಳಿಗಳು ಅನ್ನಿಸಿತು. ನಿಲ್ಲಲಿಲ್ಲ, ಇಳಿಯಲಿಲ್ಲ, ನೇರವಾಗಿ ಗಾಲಿಗಳನ್ನು ಅವುಗಳೊಳಗೆ ಇಳಿಸಿದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಗಾಡಿಯ ಹೊಟ್ಟೆ ನಡುದಿಬ್ಬದ ಮೇಲೆ ಕೂತಿತು. ಬೆಳಿಗ್ಗೆ ಪಕ್ಕದ ಹೊಲಕ್ಕೆ ನೀರು ಹಾಯಿಸಿದ್ದರಂತೆ, ಅದು ಬಸಿದು ಗುಂಡಿಯ ತಳ ಹಿಟ್ಟಾಗಿತ್ತು. ಡಾಕ್ಟರು ಮಲಗಿದಲ್ಲಿಂದಲೇ "ಮೂರನೇ ಗುಂಡಿ ಒತ್ರಿ! ಎರಡನೇದು ಒತ್ರಿ!" ಎಂದು ಕೂಗುತ್ತಿದ್ದರು. ಎಲ್ಲ ಒತ್ತಿದೆ. ಹಿಮದ್ದೂ ಒತ್ತಿದೆ. ಒತ್ತಿದಷ್ಟೂ ಇಳಿಯಿತು.

ಕಬ್ಬು ಕಡಿಯುತ್ತಿದ್ದ ಗ್ಯಾಂಗಿನ ಹೆಂಗಸರು ಬದುವಿನ ಮೇಲೆ ಸಾಲಾಗಿ ನಿಂತು ನೋಡಿದರು. "ಗಾಡೀ ನವೀ ಆಹೇ ಕಾ?" ಎಂದು ಒಬ್ಬಳು ಮರಾಠಿಯಲ್ಲಿ ಕೇಳಿದಳು. ಹೊಸದೇ ಎಂದೆ. ಉಳಿದವರು ಸೆರಗು ಬಾಯಿಗೆ ಅಡ್ಡ ಹಿಡಿದರು.

ನಾಚಿಕೆ ಬಿಟ್ಟು ಕಾಕಾಗೆ ಫೋನು ಮಾಡಿದೆ. ಅರ್ಧ ತಾಸಿನಲ್ಲಿ ಬಂದರು. ದೂರದಲ್ಲೇ ಜೀಪು ನಿಲ್ಲಿಸಿ ಇಳಿದರು. ನಮ್ಮ ಕಡೆ ತಿರುಗಿಯೂ ನೋಡದೆ ಹಾದಿಯ ಅಂಚಿನಲ್ಲಿ ನಡೆಯತೊಡಗಿದರು. ಡಾಕ್ಟರು ನೋವಿನಿಂದ ಚೀರುತ್ತಿದ್ದರು.

"ಕಾಕಾ, ಮೊದಲು ಇವರ ಕಾಲು ನೋಡ್ರಿ!" ಎಂದೆ.

"ಕಾಲ ಮುರದೈತಿ, ಅದೆಲ್ಲೂ ಓಡಿ ಹೋಗಂಗಿಲ್ಲ. ಮೊದಲ ಹಾದಿ ನೋಡಬೇಕು."

ಪೂರಾ ನಡೆದು, ಒತ್ತಿ, ವಾಪಸು ಬಂದರು. ಗ್ಯಾಂಗಿನವರಿಂದ ಕಬ್ಬಿನ ಒಣಗರಿ ಹೊರೆಗಟ್ಟಲೆ ತರಿಸಿ ಎರಡು ಕಡೆ ಹಾಸಿಸಿದರು. ಜೀಪನ್ನು ಹಿಮ್ಮುಖವಾಗಿ ಹತ್ತಿರ ತಂದು, ಡಾಕ್ಟರನ್ನು ಅದಕ್ಕೆ ಎತ್ತಿಸಿ, ಒಂದು ಸಾಲು ಗಾಲಿ ನಡುದಿಬ್ಬದ ಮೇಲೆ, ಇನ್ನೊಂದು ಹಾದಿಯ ಅಂಚಿನ ಮೇಲೆ ಇಟ್ಟು, ಗುಂಡಿಗಳಿಗೆ ಇಳಿಯದೆ ಆಮೆಯ ಹಾಗೆ ಹೊಡೆದುಕೊಂಡು ಹೋದರು. ಡಾಕ್ಟರ ಗಾಡಿ ಎರಡು ದಿನ ಅಲ್ಲೇ ಕೂತಿತ್ತು. ಕಡೆಗೆ ಅದನ್ನು ಎಳೆದದ್ದು ಟ್ರ್ಯಾಕ್ಟರು.

ರಾಯಬಾಗದ ಆಸ್ಪತ್ರೆಯ ಹೊರಗೆ ಚಹಾ ಕುಡಿಯುವಾಗ ಕಾಕಾ ಮೆಲ್ಲಗೆ ಕೇಳಿದರು. "ಸ್ಟೀರಿಂಗ್ ಯಾರ ಕೈಯಾಗಿತ್ತು?"

"ನನ್ನ ಕೈಯಲ್ಲಿ."

"ಇಳದ ನೋಡಿದ್ರೇನು?"

"ಇಲ್ಲ."

"ಟ್ರ್ಯಾಕ್ಟರ್ ಗಾಲಿ ಎಷ್ಟ ಎತ್ತರ ಐತಿ, ನಿಮ್ಮ ಗಾಡಿ ಹೊಟ್ಟಿ ಎಷ್ಟ ತಗ್ಗ ಐತಿ, ಅದೂ ನೋಡಲಿಲ್ಲ. ಗಣಿತಾ ಹೇಳ್ತೀರಿ." ಚಹಾ ಮುಗಿಸಿ ಲೋಟ ಕೆಳಗಿಟ್ಟರು. "ಇನ್ನ ಮ್ಯಾಲ ಸ್ಟೀರಿಂಗ್ ಹಿಡೀಬ್ಯಾಡ್ರಿ ಮಾಸ್ತರ್ರ. ಬೇಕಾದ್ರ ಕಲ್ಲ ಏರ್ರಿ. ಅಲ್ಲಿ ತಪ್ಪಿದ್ರ ನೀವೊಬ್ರ ಸಾಯ್ತೀರಿ."

ಡಾಕ್ಟರು ಆಮೇಲೆ ಕಲ್ಲು ಬಿಟ್ಟು ಸೈಕಲ್ಲಿಗೆ ಹೋದರು. ಅದಕ್ಕೂ ಹೆಲ್ಮೆಟ್ಟು, ಅದಕ್ಕೂ ಫೋಟೋ. ನಾನು ಬಿಡಲಿಲ್ಲ. ಆದರೆ ಬಂಡೆಗಿಂತ ಹೆಚ್ಚಾಗಿ ಆ ಸ್ಟೀರಿಂಗಿನ ಆಸೆ ಹತ್ತಿತ್ತು. ಒಮ್ಮೆಯಾದರೂ ಕಾಕಾ ತಾವಾಗಿ "ತಗೋರಿ, ಹೊಡೀರಿ" ಅನ್ನಬೇಕು. ನಾಲ್ಕು ವರ್ಷ ಕೇಳಿದೆ. ಕೊಡಲಿಲ್ಲ. "ಬೂಟ ಕಳೀರಿ" ಎಂದು ಜೊತೆಗೆ ನಡೆಸಿದರು, ಅಷ್ಟೇ. ಹಿಮ್ಮಡಿ ಊರುವುದು, ಮಣ್ಣು ಬೆರಳ ಸಂದಿಯಲ್ಲಿ ಹೇಗೆ ಏಳುತ್ತದೆ ಎಂದು ನೋಡುವುದು, ಎಲ್ಲ ತೋರಿಸಿದರು. ಒಮ್ಮೆ ಮಳೆ ನಿಂತ ಮರುದಿನ ನಾನೇ ಮುಂದೆ ನಡೆದು ಬಂದು ಎದೆಯುಬ್ಬಿಸಿ "ನಡೀತೈತಿ" ಎಂದೆ. ಕಾಕಾ ತಾವೊಮ್ಮೆ ನಡೆದು ಬಂದು "ಇಳೀರಿ" ಎಂದರು. ಜೀಪಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಆ ದಿನದ ಉರಿ ಇನ್ನೂ ಆರಿಲ್ಲ. ಅವರು ಹೇಳಿದ್ದೇ ಸರಿಯಿತ್ತು, ಅದೇ ಹೆಚ್ಚು ಉರಿ.

ಹೋದ ಮಳೆಗಾಲ ಕಾಕಾ ತೀರಿಕೊಂಡರು. ಎದೆನೋವೆಂದು ಚಿಕ್ಕೋಡಿಗೆ ಕರೆತಂದಿದ್ದರು, ನಾನು ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅವರ ಹೊಲ ಅದೇ ಹಾದಿಯಲ್ಲಿ ಹಳ್ಳದ ಈಚೆಗಿದೆ. ಮಣ್ಣು ಮಾಡುವುದು ಅಲ್ಲೇ ಆಗಬೇಕಿತ್ತು. ಮೂರು ದಿನದಿಂದ ಮಳೆ. ಆಂಬುಲೆನ್ಸಿನವನು ಡಾಂಬರು ಮುಗಿದಲ್ಲಿ ನಿಲ್ಲಿಸಿ ಮುಂದೆ ಒಲ್ಲೆನೆಂದ. ಕಾಕಾನ ಅಣ್ಣನ ಮಗ ಟ್ರ್ಯಾಕ್ಟರು ತರಲು ಹೊರಟ. ಕಾಕಾನ ಹೆಂಡತಿ ತಡೆದರು. "ಟ್ರಾಲಿ ಬ್ಯಾಡ. ಅವರ ಗಾಡ್ಯಾಗ ಒಯ್ರಿ." ಜೀಪಿನ ಕೀಲಿ ಅವರ ಸೆರಗಿನ ತುದಿಯಲ್ಲಿತ್ತು. ಬಿಚ್ಚಿ ನನ್ನ ಕೈಗಿಟ್ಟರು. ಮನೆಯ ಮುಂದಿದ್ದ ಜೀಪು ತಂದು ಕಾಕಾ ಅವರನ್ನು ಹಿಂದೆ ಮಲಗಿಸಿದೆವು.

ಎರಿ ಶುರುವಾಗುವಲ್ಲಿ ಜೀಪು ನಿಲ್ಲಿಸಿ ಬೂಟು ಕಳಚಿದೆ. ಹಿಂದೆ ಯಾರೋ ಸಂಬಂಧಿ ಬಿಳೀ ಕಾರಿನಲ್ಲಿ ಕೂತು ಹಾರ್ನ್ ಹೊಡೆದ, ಗಾಜು ಇಳಿಸಿ "ಯಾಕ್ ನಿಂತ್ರಿ? ಹೊತ್ತಾಗಾಕತ್ತೈತಿ!" ಎಂದ. ಅಂಥವರಿಗೆ ಮಣ್ಣಿಗೆ ಬಂದರೂ ಹೊತ್ತಿನ ಚಿಂತೆ, ಪಾದಕ್ಕೆ ಮಣ್ಣು ತಾಗದ ಚಿಂತೆ. ನಾನು ಆ ತುದಿಯವರೆಗೆ ನಡೆದೆ, ಒತ್ತುತ್ತ ವಾಪಸು ಬಂದೆ. ಬೇವಿನ ಮರದ ಹತ್ತಿರ ಹಿಮ್ಮಡಿ ಒಳಗೆ ಹೋಯಿತು.

"ಇಳೀರಿ" ಎಂದೆ.

ಎಲ್ಲರೂ ಇಳಿದರು. ಕಾಕಾನ ಹೆಂಡತಿ ಮಾತ್ರ ಇಳಿಯಲಿಲ್ಲ, ಗಂಡನ ಎದೆಯ ಮೇಲೆ ಕೈಯಿಟ್ಟು ಹಿಂದೆ ಕೂತೇ ಇದ್ದರು. ಒಂದು ಸಾಲು ಗಾಲಿ ದಿಬ್ಬಕ್ಕೆ, ಇನ್ನೊಂದು ಅಂಚಿಗೆ ಏರಿಸಿ ಹೊರಟೆ. ರಬ್ಬರಿಲ್ಲದ ಆಕ್ಸಿಲರೇಟರು ಬರಿಗಾಲಿಗೆ ತಣ್ಣಗೆ ಹತ್ತಿತು. ಬೇವಿನ ಮರದ ಹತ್ತಿರ ಜೀಪು ಒಂದು ಕಡೆ ವಾಲಿತು. ನನ್ನ ಕಾಲು ಗಾಬರಿಯಲ್ಲಿ ಒತ್ತಿತು. ಎಂಜಿನ್ನು ಕಿರುಚಿತು.

"ಸಾವಕಾಶ ಹೊಡೀರಿ ಮಾಸ್ತರ್ರ" ಎಂದು ಹಿಂದಿನಿಂದ ಆಕೆ ಹೇಳಿದರು. "ನೀವ ಹೊಡಿಯೂದು ಅವರಿಗೆ ಸೇರ್ತಿರಲಿಲ್ಲ."

"ಹೌದ್ರಿ ಕಾಕೂ" ಎಂದೆ. ಕಾಲು ಸಡಿಲಿಸಿದೆ.