ರೊಟ್ಟಿ ಬಡಿಯಲೊಂದು ಮನೆ

ಮನೆ ನೋಡಲು ಹೋದವರು ಸಾಮಾನ್ಯವಾಗಿ ನಲ್ಲಿ ತಿರುಗಿಸಿ ನೀರು ನೋಡುತ್ತಾರೆ, ಕಿಟಕಿ ತೆಗೆದು ಗಾಳಿ ನೋಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳುತ್ತಾರೆ. ನಮ್ಮ ಅತ್ತೆ ಹಾಗಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಯ ನೆಲವನ್ನು ಅಂಗೈಯಿಂದ ತಪತಪನೆ ಬಡಿಯುತ್ತಿದ್ದರು. ಆಮೇಲೆ ತಲೆಯೆತ್ತಿ ಒಂದೇ ಪ್ರಶ್ನೆ.

"ಕೆಳಗ ಯಾರದಾರ?"

ಮನೆ ತೋರಿಸುವವರು ನನ್ನ ಮುಖ ನೋಡುತ್ತಿದ್ದರು. ಮುದುಕಿಗೆ ಏನಾದರೂ ಆಗಿದೆಯೇ ಎಂಬ ಅನುಮಾನ ಅವರ ಕಣ್ಣಲ್ಲಿ ಕಂಡರೆ ನನ್ನ ಪಿತ್ತ ನೆತ್ತಿಗೇರುತ್ತಿತ್ತು. "ಕೇಳಿದ್ದಕ್ಕ ಜವಾಬು ಕೊಡ್ರಿ," ಎಂದು ನಾನು ಗದರಿಸುತ್ತಿದ್ದೆ. ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು, ಗದರಿಸುವುದು ನನಗೆ ಉಸಿರಾಡಿದಷ್ಟು ಸಲೀಸು.

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ, ನಾನು ಮತ್ತು ಅವರ ತಾಯಿ. ಚಿತ್ತಾಪುರದಲ್ಲಿ ಒಂದು ಬಾಡಿಗೆ ಮನೆಯ ಮಹಡಿ ಮೇಲಿದ್ದೆವು, ಮಾಲೀಕರು ಕೆಳಗೆ. ಅತ್ತೆ ದಿನಾ ನಸುಕಿನಲ್ಲಿ ಎದ್ದು, ತಮ್ಮ ಶಹಾಬಾದ್ ಕಲ್ಲಿನ ಹಲಗೆಯನ್ನು ನೆಲಕ್ಕಿಟ್ಟು ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ಕೇಳಿಯೇ ನಾನು ಏಳುತ್ತಿದ್ದೆ. ಗಂಡ ಹೋದ ಮೊದಲ ತಿಂಗಳುಗಳಲ್ಲಿ ಹಾಸಿಗೆ ಬಿಟ್ಟು ಏಳಲು ನನಗೆ ಮತ್ತೊಂದು ಕಾರಣವೇ ಇರಲಿಲ್ಲ. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದಾರೆ ಎಂದರೆ ಮನೆ ಇನ್ನೂ ನಡೆಯುತ್ತಿದೆ ಎಂದೇ ಅರ್ಥವಲ್ಲವೇ? ಎದ್ದು ಮುಖ ತೊಳೆದುಕೊಂಡು ಶಾಲೆಗೆ ಹೋಗುತ್ತಿದ್ದೆ.

ಒಂದು ದಿನ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಒಳ್ಳೆಯ ಮನುಷ್ಯ, ಹೇಳಲು ಸಂಕೋಚಪಡುತ್ತ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಅಕ್ಕೋರೆ, ತಪ್ಪು ತಿಳ್ಕೋಬ್ಯಾಡ್ರಿ. ನಮ್ಮಾಕಿಗಿ ಲಕ್ವಾ ಹೊಡದಾಗಿಂದ ರಾತ್ರಿ ನಿದ್ದಿ ಇಲ್ರಿ. ನಸಿಕಿನ್ಯಾಗ ಜರಾ ಕಣ್ಣು ಹತ್ತತಾವ. ಅಷ್ಟರಾಗ ಮ್ಯಾಲ ಸಪ್ಪಳ ಸುರು ಆಗ್ತದ್ರಿ."

ಜಗಳಕ್ಕೆ ಬಂದಿದ್ದರೆ ನಾಲ್ಕು ಮಾತು ಬಿಸಿಬಿಸಿಯಾಗಿ ಕೊಟ್ಟು ಕಳಿಸುತ್ತಿದ್ದೆ. ಇವರ ಮೇಲೆ ಸಿಟ್ಟು ಮಾಡುವುದು ಹೇಗೆ? ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಆ ದಿನ ತರಗತಿಯಲ್ಲಿ ಎಲ್ಲರಿಗೂ ಎರಡರಷ್ಟು ಲೆಕ್ಕ ಕೊಟ್ಟೆ.

ಮರುದಿನದಿಂದ ನಸುಕಿನ ಸಪ್ಪಳ ನಿಂತಿತು. ಸ್ವಲ್ಪ ದಿನ ಅತ್ತೆ ಕಲ್ಲಿನ ಕೆಳಗೆ ಹಳೆ ಸೀರೆಗಳ ಕೌದಿ ಮಡಚಿಟ್ಟು, ಬೆರಳ ತುದಿಯಿಂದ ತಟ್ಟಿ ನೋಡಿದರು. ರೊಟ್ಟಿ ದಪ್ಪವಾಯಿತು, ಅಂಚು ಒಡೆಯಿತು. ಹೊತ್ತು ಏರಿದ ಮೇಲೆ ಮಾಡೋಣವೆಂದರೆ ಹಗಲಲ್ಲೂ ಮಾಲೀಕರ ಹೆಂಡತಿ ಆಗೀಗ ತೂಕಡಿಸುತ್ತಿದ್ದರು, ಯಾವಾಗ ಮಲಗಿದ್ದಾರೆ ಯಾವಾಗ ಎದ್ದಿದ್ದಾರೆ ಎಂದು ಮೇಲಿನವರಿಗೆ ತಿಳಿಯುವುದು ಹೇಗೆ? ಕೊನೆಗೆ ನಾನು ಖಾನಾವಳಿಯಿಂದ ರೊಟ್ಟಿ ತರತೊಡಗಿದೆ. ಅತ್ತೆ ಅದನ್ನು ಚೂರು ಮಾಡಿ ಸಾರಿನಲ್ಲಿ ನೆನೆಸಿ, "ಚಲೋ ಅದವ್ವಾ," ಎಂದು ತಿನ್ನುತ್ತಿದ್ದರು. ಸುಳ್ಳು ಹೇಳಲು ಬರದ ಹೆಂಗಸು ಅವರು, ಮುಖವೇ ನಿಜ ಹೇಳುತ್ತಿತ್ತು.

ದೀಪಾವಳಿ ಮುಗಿದ ವಾರ, ಸಂಜೆ ಒಗೆದ ಬಟ್ಟೆ ಮಡಚುತ್ತ ಅವರೇ ಮಾತು ತೆಗೆದರು.

"ಈ ಸಲ ಎಳ್ಳಮಾಸಿಗಿ ಐನಾಪುರಕ್ಕ ಹೋದರ ನಾ ಅಲ್ಲೇ ಇರ್ತೀನವ್ವಾ. ಸಣ್ಣಾಂವ ಕರೀಲಿಕತ್ತಾನ."

ಐನಾಪುರದಲ್ಲಿ ಅವರ ಕಿರಿಯ ಮಗ, ನನ್ನ ಮೈದುನ, ಒಕ್ಕಲುತನ ಮಾಡಿಕೊಂಡಿದ್ದಾನೆ. ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ನಾವಿಬ್ಬರೂ ಅಲ್ಲಿಗೆ ಹೋಗಿ, ಹೊಲದಲ್ಲಿ ಸಜ್ಜೆ ರೊಟ್ಟಿ, ಹಲವು ಕಾಳು ಸೊಪ್ಪು ಕೂಡಿಸಿದ ಭಜ್ಜಿ ಪಲ್ಯ ಉಂಡು ತಿರುಗಿ ಬರುತ್ತಿದ್ದೆವು. ಅಲ್ಲೇ ಇರುವ ಮಾತು ಎಂದೂ ಬಂದಿರಲಿಲ್ಲ.

"ಯಾಕ, ಇಲ್ಲೇನು ಕಡಿಮಿ ಆಗ್ಯಾದ?" ಎಂದೆ. ದನಿ ಜೋರಾಗಿಯೇ ಬಂತು.

"ಕಡಿಮಿ ಏನಿಲ್ಲ. ಕುಂತು ಉಣ್ಣೋದು ಆಗ್ಯಾದ ನೋಡು. ನೀ ದುಡದು ಬಂದು ನನಗ ಹಾಕೋದು, ನಾ ಉಣ್ಣೋದು. ಕೈಗಿ ಕೆಲಸ ಇಲ್ಲದ ಮನ್ಯಾಗ ಹ್ಯಾಂಗ ಇರಬೇಕು?"

ಆ ರಾತ್ರಿ ನಾನು ಹಾಸಿಗೆಯ ಮೇಲೆ ಎದ್ದು ಕೂತೆ. ಈ ಹೆಂಗಸು ಹೋದರೆ ನನಗೆ ಯಾರೂ ಇಲ್ಲ. ನನ್ನ ಗಂಡ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಿದ್ದರು, ನಕ್ಕರೆ ಹೇಗೆ ಕೆಮ್ಮು ಬರುತ್ತಿತ್ತು ಎಂಬುದೆಲ್ಲ ಈ ಭೂಮಿಯ ಮೇಲೆ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬೆಳಗಾಗುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. ಎಳ್ಳ ಅಮಾವಾಸ್ಯೆಯೊಳಗೆ ಸ್ವಂತ ಮನೆ ಕೊಳ್ಳಬೇಕು. ಅತ್ತೆಯ ಮೊಣಕಾಲಿಗೆ ಲಿಫ್ಟ್ ಇರಬೇಕು, ನಾನು ಶಾಲೆಗೆ ಹೋದಾಗ ಅಕ್ಕಪಕ್ಕ ಜನ ಇರಬೇಕು. ಅಂದರೆ ಅಪಾರ್ಟ್‌ಮೆಂಟೇ ಆಗಬೇಕು. ಮತ್ತೆ ಅಲ್ಲಿ ಅವರು ಮನಸ್ಸು ಬಂದಂತೆ ರೊಟ್ಟಿ ಬಡಿಯಬೇಕು!

ಮನೆ ದಲ್ಲಾಳಿ ಚಿತ್ತಾಪುರದವರೇ, ಗ್ಯಾರೇಜ್ ಇಟ್ಟುಕೊಂಡು ಜೊತೆಗೆ ಮನೆ ತೋರಿಸುವ ಕೆಲಸ ಮಾಡುತ್ತಿದ್ದ ಚಾಚಾ. ಮೊದಲು ಸೇಡಂಗೆ ಕರೆದೊಯ್ದರು. ಹೊಸ ಕಟ್ಟಡ, ಮೂರನೆಯ ಮಹಡಿ, ಕನ್ನಡಿಯಂತೆ ಹೊಳೆಯುವ ನೆಲ. ಕಟ್ಟಿಸಿದವನು ಅಡುಗೆ ಕಟ್ಟೆ ಸವರುತ್ತ ಹೇಳಿದ, "ನೋಡ್ರಿ ಮೇಡಂ, ಎಲ್ಲಾ ನಿಂತೇ ಮಾಡೋದು. ಈಗಿನ ಕಾಲದಾಗ ಯಾರು ರೊಟ್ಟಿ ಬಡೀತಾರ್ರಿ? ಫೋನ್ ಮಾಡಿದರ ಮನಿಗೇ ಬರ್ತಾವ."

ಅವನ ಮಾತು ಮುಗಿಯುವುದರೊಳಗೆ ಅತ್ತೆ ನೆಲಕ್ಕೆ ಕೂತು ಬಡಿಯತೊಡಗಿದ್ದರು. ಎರಡು ನಿಮಿಷದಲ್ಲಿ ಕೆಳಗಿನ ಮನೆಯ ಹುಡುಗಿ ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಳು.

"ಏನು ಬಿತ್ರಿ ಮ್ಯಾಲ? ಕೂಸು ಬೆಚ್ಚಿಬಿತ್ತು!"

ಅತ್ತೆ ಎದ್ದು, ಕೂಸಿನ ತಲೆ ಸವರಿ, "ಏನಿಲ್ಲ ಮಗಳ, ನಾವು ಹೊಂಟೀವಿ," ಎಂದರು. ಆ ಮನೆಯ ಕತೆ ಅಲ್ಲಿಗೆ ಮುಗಿಯಿತು.

ಹಾಗಾದರೆ ನೆಲಮಹಡಿಯೇ ಬೇಕು ಎಂದು ಹಟ ಹಿಡಿದೆ. ಚಾಚಾ ತಲೆ ಕೆರೆದುಕೊಂಡರು. ಈಗ ಕಟ್ಟುವ ಅಪಾರ್ಟ್‌ಮೆಂಟುಗಳಲ್ಲಿ ನೆಲಮಹಡಿಯಲ್ಲಿ ಮನೆಯೇ ಇರುವುದಿಲ್ಲ, ಪೂರಾ ಗಾಡಿ ನಿಲ್ಲಿಸುವ ಜಾಗ. ಶಹಾಬಾದಿನಲ್ಲಿ ಹಳೆಯ ಕಟ್ಟಡವೊಂದರಲ್ಲಿ ಮಾತ್ರ ಒಂದು ಸಿಕ್ಕಿತು. ರೈಲ್ವೆಯಲ್ಲಿದ್ದ ಗಂಡ ಹೆಂಡತಿಯ ಮನೆ, ವರ್ಗವಾಗಿದ್ದರಿಂದ ಮಾರಲು ಹೊರಟಿದ್ದರು. ನೆಲಕ್ಕೆ ಶಹಾಬಾದ್ ಕಲ್ಲೇ ಹಾಸಿತ್ತು. ಅತ್ತೆ ಬಡಿದರು, ಕೇಳಿದರು, ಮೊದಲ ಸಲ ನಕ್ಕರು.

"ಕೆಳಗ ಬರೇ ಭೂಮಿ ಅದ ಅಮ್ಮಾ," ಎಂದರು ಚಾಚಾ.

ಮುಂಗಡ ಕೊಡಲು ಹೋದ ದಿನ ಆ ದಂಪತಿಗಳು ಬಾಗಿಲಲ್ಲೇ ನಿಂತು ನಮ್ಮ ಕೈಗೆ ಪೇಡಾ ಇಟ್ಟರು. ವರ್ಗ ರದ್ದಾಗಿತ್ತು! ಹೆಂಡತಿಯ ಮುಖದಲ್ಲಿ ಸಂತೋಷ ತಡೆಯಲಾಗುತ್ತಿರಲಿಲ್ಲ, ನಮ್ಮನ್ನು ನೋಡಿ ಅದನ್ನು ಮುಚ್ಚಿಕೊಳ್ಳಲು ಒದ್ದಾಡುತ್ತಿದ್ದಳು. ಆ ಪೇಡಾವನ್ನು ನಾನು ತಿನ್ನದೆ ಚೀಲಕ್ಕೆ ಹಾಕಿಕೊಂಡೆ. ಅತ್ತೆ ಮಾತ್ರ, "ಮಕ್ಕಳ ಸಾಲಿ ತಪ್ಪಲಿಲ್ಲಲ್ಲ, ಚಲೋ ಆತು ಬಿಡವ್ವಾ," ಎಂದು ಅವಳ ಗಲ್ಲ ಮುಟ್ಟಿ ಬಂದರು. ದಾರಿಯುದ್ದಕ್ಕೂ ನಾನು ರೈಲ್ವೆಯವರನ್ನು ಬೈದೆ, ಚಾಚಾ ಗಾಡಿ ಓಡಿಸುತ್ತ ಹೌದ್ರಿ ಹೌದ್ರಿ ಎಂದರು.

ಚಿಂಚೋಳಿಯಲ್ಲಿ ಒಂದು ಬಿಡಿ ಮನೆಯನ್ನೂ ನೋಡಿದೆವು. ಅಪಾರ್ಟ್‌ಮೆಂಟಿನ ಹಟ ಆಗ ಸಡಿಲಾಗಿತ್ತು. ಹಿಂದೆ ಗುಡ್ಡ, ಅಂಗಳದಲ್ಲಿ ಬೇವಿನ ಮರ, ಐನಾಪುರದ ಬಳಗವೂ ಹತ್ತಿರ. ಅತ್ತೆ ಅಂಗಳದಲ್ಲಿ ಎಷ್ಟೋ ಹೊತ್ತು ನಿಂತಿದ್ದರು. ಇದೇ ಆಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ತಿರುಗಿ, "ಇಲ್ಲಿಂದ ನಿನ್ನ ಸಾಲಿಗಿ ಎಷ್ಟೊತ್ತು?" ಎಂದರು. ಹೇಳಿದೆ.

"ನಾ ರೊಟ್ಟಿ ಬಡಿಬೇಕಂತ ನೀ ದಿನಾ ಬಸ್ಸಿನ್ಯಾಗ ಸಾಯ್ತೀ ಏನು? ನಡೀ ನಡೀ."

ನನಗಿಂತ ಮೊದಲೇ ಹೋಗಿ ಗಾಡಿಯಲ್ಲಿ ಕೂತುಬಿಟ್ಟರು.

ಚಾಚಾಗೂ ಸಾಕಾಗಿತ್ತು. "ಅಕ್ಕೋರೆ, ಹೆಣ್ಣು ನೋಡೋರೂ ಇಷ್ಟು ತಿರುಗಂಗಿಲ್ರಿ," ಎಂದರು. "ಅವರಿಗಿ ಹೆಣ್ಣು ಸಿಗ್ತದ್ರಿ, ನಮಗ ಮನಿ ಸಿಗವಲ್ದು," ಎಂದೆ. ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಅತ್ತೆ ತಮ್ಮ ಸೀರೆಗಳನ್ನು ಒಂದೊಂದಾಗಿ ಟ್ರಂಕಿಗೆ ಹಾಕತೊಡಗಿದ್ದರು. ನಾನು ನೋಡಿಯೂ ನೋಡದವಳಂತೆ ಇದ್ದೆ.

ವಾಡಿಯಲ್ಲಿ ಸ್ಟೇಷನ್ನಿನ ಕಡೆಗೆ ಒಂದು ಅಪಾರ್ಟ್‌ಮೆಂಟ್ ಇತ್ತು. ವಾಡಿಯಿಂದ ಚಿತ್ತಾಪುರಕ್ಕೆ ರೈಲಿದೆ, ಬಸ್ಸಿದೆ, ಓಡಾಟ ಸುಲಭ. ಎಲ್ಲಕ್ಕಿಂತ ಮೇಲಿನ ಮನೆ ತೋರಿಸುತ್ತೇನೆ ಎಂದು ಚಾಚಾ ಕರೆತಂದಿದ್ದರು. ನಾವು ಹೋದಾಗ ಕರೆಂಟ್ ಇಲ್ಲ, ಲಿಫ್ಟ್ ನಿಂತಿತ್ತು. ಅತ್ತೆಯನ್ನು ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ, ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ನಾನು ಮೇಲೆ ಹತ್ತಿದೆ. ಗಾಳಿ, ಬೆಳಕು, ಎಲ್ಲ ಚೆನ್ನಾಗಿತ್ತು. ಆದರೆ ಕೆಳಗೆ ಮನೆ, ಅದರ ಕೆಳಗೆ ಮತ್ತೊಂದು ಮನೆ. ಏದುಸಿರು ಬಿಡುತ್ತ ಇಳಿದು ಬಂದರೆ ಅತ್ತೆ ಕುರ್ಚಿಯಲ್ಲಿ ಹಿಂದಕ್ಕೊರಗಿ ಮೇಲಿನ ಛತ್ತನ್ನೇ ನೋಡುತ್ತಿದ್ದರು.

"ಇದರ ಮ್ಯಾಲಿಂದು ಯಾರ ಮನಿ?"

"ಅದು ಖಾಲಿ ಅದ್ರಿ ಅಮ್ಮಾ," ಎಂದರು ಚಾಚಾ. "ಮೊದಲ್ನೇ ಮಹಡಿ ಯಾರೂ ತೊಗೊಳ್ಳಂಗಿಲ್ರಿ. ಕೆಳಗ ಗಾಡಿ ಸಪ್ಪಳ, ಹೊಗಿ, ಗೇಟಿನ ಕಿರಿಕಿರಿ. ನಿಮಗ ಅಂಥಾದು ಯಾಕ ತೋರಿಸ್ಲಿ ಅಂತ ಬಿಟ್ಟೀನಿ."

"ಇಲ್ಲಿ ರಾತ್ರಿ ಯಾರು ಮಲಗ್ತಾರ?"

"ಯಾರೂ ಇಲ್ರಿ. ವಾಚ್‌ಮನ್ ಖೋಲಿ ಗೇಟಿನ ಆಕಡಿ ಅದ. ಇಲ್ಲಿ ಬರೇ ಗಾಡಿ."

ಅತ್ತೆ ನನ್ನ ಕಡೆ ತಿರುಗಿದರು. "ಗಾಡಿಗಿ ಕಿವಿ ಇರಂಗಿಲ್ಲಲ್ಲವ್ವಾ?"

ಅಯ್ಯೋ! ಸೇಡಂನಲ್ಲೂ ಇಲ್ಲೂ ಇಂಥ ಮನೆಯ ಕೆಳಗೇ ಗಾಡಿ ನಿಲ್ಲಿಸಿ, ಅದನ್ನು ದಾಟಿಕೊಂಡು ಮೇಲೆ ಹೋಗಿದ್ದೆವು. ನನಗೆ ನಗು ಬಂತು, ಚಾಚಾಗೂ ಬಂತು, ವಾಚ್‌ಮನ್ ಮಾತ್ರ ಏನಾಯಿತೆಂದು ತಿಳಿಯದೆ ನಮ್ಮೆಲ್ಲರ ಮುಖ ನೋಡುತ್ತಿದ್ದ.

ಬ್ಯಾಂಕಿನ ಸಾಲ, ನೋಂದಣಿ ಕಚೇರಿಯ ಅಲೆದಾಟ ಎಲ್ಲವನ್ನೂ ನನ್ನ ಬಾಯಿಯ ಬಲದಿಂದ ಬೇಗ ಮುಗಿಸಿಕೊಂಡೆ. ಎಳ್ಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಹಾಲು ಉಕ್ಕಿಸಿದೆವು. ಅತ್ತೆಯ ಕಲ್ಲನ್ನು ನಾನೇ ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿಟ್ಟೆ. ಆದರೆ ಅವರು ಟ್ರಂಕನ್ನು ಬಿಚ್ಚಲಿಲ್ಲ. ಬಾಗಿಲ ಬಳಿ ಹಾಗೇ ಇತ್ತು. ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನಂಥ ಜೋರಿನ ಹೆಂಗಸಿಗೆ ಅಷ್ಟು ಸಣ್ಣ ಮಾತು ಬಾಯಿಗೆ ಬರಲಿಲ್ಲ.

ಮರುದಿನ ನಸುಕಿನಲ್ಲಿ ಎಚ್ಚರವಾಯಿತು. ಸುಟ್ಟ ಹಿಟ್ಟಿನ ವಾಸನೆ ಬರುತ್ತಿತ್ತು, ಸಪ್ಪಳವಿರಲಿಲ್ಲ. ಎದ್ದು ಹೋಗಿ ನೋಡಿದೆ. ಅತ್ತೆ ಕಲ್ಲಿನ ಕೆಳಗೆ ಕೌದಿ ಮಡಚಿಟ್ಟುಕೊಂಡು, ಸಜ್ಜೆ ಹಿಟ್ಟನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಉಸಿರನ್ನೂ ಬಿಗಿಹಿಡಿದಂತಿದ್ದರು.

ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. "ಏನ್ರಿ ಅತ್ತಿ ಇದು? ಕೌದಿ ಯಾಕ?"

"ಮರತೇ ಹೋಗಿತ್ತವ್ವಾ," ಎಂದರು ಗಾಬರಿಯಿಂದ. "ಕೈಗಿ ರೂಢಿ ಆಗಿಬಿಟ್ಟದ."

ಕಲ್ಲು ಎತ್ತಿ ಕೌದಿ ಎಳೆದು ಆಚೆ ಎಸೆದೆ. ಅವರೆದುರು ಚಕ್ಕಳಮಕ್ಕಳ ಹಾಕಿ ಕೂತೆ.

"ಕೆಳಗ ಯಾರೂ ಇಲ್ಲ. ಬಡೀರಿ. ಈ ಮನಿ ಕೊಂಡಿದ್ದೇ ನಿಮ್ಮ ಸಪ್ಪಳಕ್ಕ. ನೀವು ಹೋದರ ನಾ ಇಲ್ಲಿ ಏನು ಕೇಳ್ಕೊಂತ ಏಳ್ಲಿ?"

ಅತ್ತೆ ನನ್ನನ್ನೇ ನೋಡಿದರು. ಹಿಟ್ಟು ಮೆತ್ತಿದ ಅಂಗೈ ಎತ್ತಿ ಒಂದು ಏಟು ಹಾಕಿ ಕೈ ತಡೆದರು, ಕೆಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಕಿವಿಗೊಟ್ಟರು. ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅಷ್ಟೇ. ಇನ್ನೊಂದು ಏಟು ಹಾಕಿದರು. ಮತ್ತೊಂದು. ಆಮೇಲೆ ಕೈ ತನ್ನ ದಾರಿಯನ್ನು ತಾನೇ ಹಿಡಿಯಿತು, ರೊಟ್ಟಿ ಕಲ್ಲಿನ ಮೇಲೆ ಗರಗರ ತಿರುಗುತ್ತ ಅಗಲವಾಯಿತು, ಅಡುಗೆಮನೆಯ ಪಾತ್ರೆಗಳೆಲ್ಲ ಸಣ್ಣಗೆ ಅಲುಗತೊಡಗಿದವು.

ಅಷ್ಟರಲ್ಲಿ ಮೈದುನನ ಫೋನು ಬಂತು. ಅತ್ತೆಯ ಕೈತುಂಬ ಹಿಟ್ಟು, ನಾನೇ ಅವರ ಕಿವಿಗೆ ಹಿಡಿದೆ.

"ಕೇಳ್ಸವಲ್ದಪ್ಪಾ! ರೊಟ್ಟಿ ಬಡೀಲಿಕತ್ತೀನಿ!" ಎಂದು ಕೂಗಿದರು, ಕೈ ನಿಲ್ಲಿಸದೆ. "ಹೂಂ, ನಾಳಿಗಿ ಬರ್ತೀವಿ. ಸಜ್ಜಿ ರೊಟ್ಟಿ ನಾನೇ ತರ್ತೀನಿ, ಅಲ್ಲಿ ಮಾಡಬ್ಯಾಡ್ರಿ. ಏನಂದಿ? ಟ್ರಂಕ? ಟ್ರಂಕ ಯಾಕೋ? ಸಂಜಿಗಿ ನಮ್ಮನ್ನ ನನ್ನ ಮನಿಗಿ ತಿರುಗಿ ತಂದು ಬಿಡು."

ಆಮೇಲೂ ಅವನು ಏನೇನೋ ಹೇಳುತ್ತಿದ್ದ. ಸಪ್ಪಳದಲ್ಲಿ ನಮ್ಮಿಬ್ಬರಿಗೂ ಕೇಳಿಸಲಿಲ್ಲ.