ಬಾಗಿಲ ಹೊರಗೆ ಕೇಳಿದ ಐದು ಪದ

ನಮ್ಮ ಮೆದುಳು ಸಂಶೋಧನಾ ಕಟ್ಟಡವನ್ನು ವಿಶ್ವವಿದ್ಯಾಲಯಕ್ಕೆ ಕಟ್ಟಿಸಿಕೊಟ್ಟವರು ಒಬ್ಬ ಸಿಮೆಂಟ್ ವ್ಯಾಪಾರಿ. ಅವರ ತಾಯಿ ಕೊನೆಗಾಲದಲ್ಲಿ ಹೆತ್ತ ಮಗನನ್ನೇ "ಯಾರಪ್ಪ ನೀನು" ಎಂದು ಕೇಳುತ್ತಿದ್ದರಂತೆ. ಆ ತಾಯಿಯ ಫೋಟೋ ಕೆಳಗಿನ ಹಜಾರದಲ್ಲಿದೆ. ಅದರ ಗಾಜು ಒರೆಸುವುದರಿಂದ ದೊಡ್ಡಪ್ಪನ ದಿನ ಶುರು.

ದೊಡ್ಡಪ್ಪ ನಮ್ಮ ಅಟೆಂಡರ್. ನನಗೆ ಸಂಬಂಧಿಯೇನಲ್ಲ, ಇಡೀ ಕಟ್ಟಡಕ್ಕೇ ದೊಡ್ಡಪ್ಪ. ನೆನಪಿನ ಪರೀಕ್ಷೆಗೆ ಬಂದ ಮುದುಕರನ್ನು ಲಿಫ್ಟಿನಿಂದ ಕೈಹಿಡಿದು ನನ್ನ ಕೋಣೆಗೆ ಕರೆತರುವುದು, ಮುಗಿಯುವವರೆಗೆ ಹೊರಗೆ ಸ್ಟೂಲಿನ ಮೇಲೆ ಕೂತು ಕಾಯುವುದು ಅವರ ಕೆಲಸ. "ಒಳಗೆ ಇಂಜೆಕ್ಷನ್ ಇಲ್ಲ, ಬರೀ ಮೇಡಂ ಇದ್ದಾರೆ. ಎರಡರಲ್ಲಿ ಯಾವುದು ವಾಸಿ ಅಂತ ಬಂದು ಹೇಳಿ" ಎಂದು ನನ್ನ ಕಿವಿಗೆ ಬೀಳುವ ಹಾಗೇ ಅವರನ್ನು ನಗಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಗಿಲು ಮುಚ್ಚಿದರೆ ಮುದುಕರು ಗಾಬರಿಯಾಗುತ್ತಾರೆಂದು ಅದನ್ನು ಯಾವಾಗಲೂ ಅರ್ಧ ತೆರೆದೇ ಇಡುತ್ತೇವೆ.

ಪರೀಕ್ಷೆಯಲ್ಲಿ ಐದು ಪದ ಹೇಳುತ್ತೇನೆ. ಬೇರೇನೋ ಮಾತಾಡಿಸಿ, ಐದು ನಿಮಿಷ ಕಳೆದ ಮೇಲೆ ಅವನ್ನೇ ತಿರುಗಿ ಕೇಳುತ್ತೇನೆ. ಕೊಡೆ, ಏಣಿ, ಕನ್ನಡಿ, ಹಗ್ಗ, ಬಟ್ಟಲು. ಹೊಸದಾಗಿ ಬಂದವರಿಗೆಲ್ಲ ಇದೇ ಪಟ್ಟಿ.

ಹೋದ ತಿಂಗಳು ದೊಡ್ಡಪ್ಪನ ಹೆಂಡತಿ, ದೊಡ್ಡಮ್ಮ, ನನ್ನನ್ನು ಹುಡುಕಿಕೊಂಡು ಬಂದರು. "ಗ್ಯಾಸ್ ಎರಡು ಸಲ ಹಾಗೇ ಬಿಟ್ಟಿದ್ರು ಕಣಮ್ಮಾ. ಕೇಳಿದ್ರೆ ನಿಂಗೇ ಅರಳುಮರಳು ಅಂತಾರೆ. ಒಂದ್ಸಲ ನೋಡು."

ನೋಡಿದೆ. ದೊಡ್ಡಪ್ಪ ಐದೂ ಪದವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ಏನೂ ತೊಂದರೆಯಿಲ್ಲ ಎಂದು ದೊಡ್ಡಮ್ಮನಿಗೆ ತಿಳಿಸಿದೆ. ಅವರು ಕುರ್ಚಿಯಿಂದ ಏಳಲಿಲ್ಲ.

"ಅವರ ತಂಗಿ ತೀರಿಕೊಂಡ ವಿಷಯ ಮೂರು ಸಲ ಹೇಳಿದೀನಿ. ಮೂರು ಸಲವೂ ಆಗಷ್ಟೇ ಕೇಳಿದ ಹಾಗೆ ಅತ್ತರು."

"ಗಂಡನಿಗೆ ಕಾಯಿಲೆ ಬರಲೇಬೇಕು ಅಂತ ನಿಮ್ಮ ಹಟವಾ?" ಎಂದು ರೇಗಿಬಿಟ್ಟೆ. ನಿಜ ಹೇಳಬೇಕೆಂದರೆ ದೊಡ್ಡಪ್ಪನಿಗೆ ಏನೂ ಆಗದಿರಲಿ ಎಂದು ಹಟ ಹಿಡಿದಿದ್ದವಳು ನಾನು. ದೊಡ್ಡಮ್ಮ ಎದ್ದು ಹೋದರು.

ನಾಲ್ಕನೇ ದಿನ ದೊಡ್ಡಪ್ಪ ಒಳಗೆ ಬಂದು ಬಾಗಿಲು ಮುಚ್ಚಿದರು. ಕೈಯಲ್ಲೊಂದು ಚೀಟಿಯಿತ್ತು. ಹೇಳಬೇಕಾದ್ದು ಮರೆತುಹೋಗದಿರಲೆಂದು ಬರೆದುಕೊಂಡಿದ್ದರು. ಅದನ್ನು ನೋಡಿ ನೋಡಿ ಹೇಳಿದರು.

"ಆವತ್ತು ಹೇಳಿದ್ದು ನೆನಪಿಂದ ಅಲ್ಲಮ್ಮ. ಹದಿನಾಲ್ಕು ವರ್ಷ ಹೊರಗೆ ಕೂತು ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಕೆಲಸ ಬಿಡಿಸ್ತಾರೇನೋ ಅಂತ ಸುಮ್ಮನಿದ್ದೆ. ಈಗ ಮಕ್ಕಳೆಲ್ಲ ಅಮ್ಮಂದೇ ತಪ್ಪು ಅಂತ ಅವಳ ಮೇಲೆ ಬೀಳ್ತಿದಾರೆ. ಬೇರೆ ಪದ ಕೊಡು."

ನನಗೆ ನಾಚಿಕೆಯಾಯಿತು. ಈಚೆಗೆ ಹಜಾರದ ಆ ತಾಯಿಯ ಫೋಟೋದ ಗಾಜನ್ನು ಅವರು ದಿನಕ್ಕೆ ಮೂರು ಸಲ ಒರೆಸುತ್ತಿದ್ದರು. ಶುಚಿ ಜಾಸ್ತಿ ಎಂದುಕೊಂಡಿದ್ದೆ.

ಬೇರೆ ಪಟ್ಟಿ ತೆಗೆದು ಹೇಳಿದೆ. ಐದು ನಿಮಿಷ ಬಿಟ್ಟು ಕೇಳಿದೆ.

"ಕೊಡೆ," ಎಂದರು. "ಏಣಿ." ನನ್ನ ಮುಖ ನೋಡಿ ನಿಲ್ಲಿಸಿದರು. ಹೊಸ ಪದ ಒಂದೂ ಬರಲಿಲ್ಲ.

"ಸ್ಟೂಲ್ ಇನ್ನು ಬೇರೆಯವರಿಗೆ, ಅಲ್ವಾ?"

ನಾನು ಪಟ್ಟಿ ಮಡಿಸಿಟ್ಟೆ. ಮೇಜಿನ ಮೇಲಿದ್ದ ಫೋನನ್ನು ಅವರೇ ನನ್ನ ಕಡೆ ಸರಿಸಿದರು.

"ಅವಳು ಹೇಳಿದ್ದೇ ಸರಿ ಅಂತ ಈಗಲೇ ಅವಳಿಗೆ ಹೇಳಿಬಿಡಮ್ಮ. ನಾನು ಮನೆ ಮುಟ್ಟೋ ಹೊತ್ತಿಗೆ ಮರೆತಿರ್ತೀನಿ."