ಕುದುರೆಗೂ ಇದ್ದತ್

ಮೌಲಾ ಸಾಬ್ ಸತ್ತ ಮೇಲೆ ಗುಲ್ಷನ್ ಬೀ ಕುದುರೆಯನ್ನು ಕಿಟಕಿಯಿಂದಲೇ ನೋಡಬೇಕಾಯಿತು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಇದ್ದತ್ ಅಂದರೆ ಅದು. ಕುದುರೆ ಲಾಡ್ಲಿ ಇದ್ದದ್ದು ರಸ್ತೆಯ ಆಚೆ, ಮಗ ರಫೀಕನ ಆಟೋ ಗ್ಯಾರೇಜಿನ ಪಕ್ಕ, ಹೊಂಗೆ ಮರದ ಕೆಳಗೆ. ಕೂಗಿದರೆ ಕಿವಿ ನಿಮಿರಿಸುವಷ್ಟು ಹತ್ತಿರ. ಹೋಗಿ ಮುಟ್ಟುವ ಹಾಗಿಲ್ಲ.

ಮೌಲಾ ಸಾಬ್ ಚಳ್ಳಕೆರೆ ಬಸ್ ಸ್ಟ್ಯಾಂಡಿನ ಮುಂದೆ ಜಟಕಾ ನಿಲ್ಲಿಸುತ್ತಿದ್ದವನು. ಆಟೋಗಳು ಬಂದವು, ಜನ ಜಟಕಾ ಹತ್ತುವುದನ್ನು ಬಿಟ್ಟರು. ಶೇಂಗಾ ಮೂಟೆ ಹೇರಿಕೊಂಡು ಎಣ್ಣೆ ಮಿಲ್ಲಿಗೆ ಹೊಡೆದ. ಅದೂ ಹೋಯಿತು. ಆಮೇಲೆ ಕುದುರೆಗೆ ಜರಿ ಬಟ್ಟೆ ಹೊದಿಸಿ ಮದುವೆ ಗಂಡುಗಳನ್ನು ಹತ್ತಿಸಿದ. ಮೊಳಕಾಲ್ಮೂರಿನಿಂದಲೂ ಕರೆ ಬರುತ್ತಿತ್ತು. ಸ್ವಂತ ಮಗನೇ ಆಟೋ ರಿಪೇರಿಗೆ ಕೂತಾಗ ಬೇಜಾರು ಮಾಡಿಕೊಳ್ಳಲಿಲ್ಲ. "ಅವಂದು ಹುಲ್ಲು ಕೇಳಲ್ಲ, ನಂದು ಪೆಟ್ರೋಲ್ ಕೇಳಲ್ಲ" ಅಂತ ನಕ್ಕಿದ್ದ, ಅಷ್ಟೆ.

ಒಂದು ಕೆಲಸ ಮಾತ್ರ ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಳೆಗಾಲ ಶುರುವಾದರೆ, ಬಿಸಿಲು ಇಳಿಯುವ ಹೊತ್ತಿಗೆ ಕುದುರೆಯ ತಲೆಯನ್ನು ಎತ್ತರಕ್ಕೆ ಕಟ್ಟಿ, ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಮುಂಗಾಲಿನ ಕೂದಲು ಕೆರೆಯುತ್ತಿದ್ದ. ಕೂದಲಿಗೆ ಅಂಟಿದ ಹಳದಿ ಚುಕ್ಕೆಗಳು ಉದುರಬೇಕು. ಅವು ನೊಣದ ಮೊಟ್ಟೆ. ಆ ನೊಣ ನೋಡಲು ಜೇನುಹುಳದ ಹಾಗೆ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತಿನ್ನುವುದಕ್ಕೆ ಅದಕ್ಕೆ ಬಾಯೇ ಇಲ್ಲ. ಗಾಳಿಯಲ್ಲಿ ನಿಂತು, ಬಾಲ ಮಡಚಿ ಕೂದಲಿಗೆ ತಾಗಿಸುತ್ತದೆ. ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಕುದುರೆ ಕಾಲು ನೆಕ್ಕಿಕೊಂಡರೆ ಸಾಕು, ಮರಿಹುಳ ನಾಲಿಗೆಗೆ ಹತ್ತುತ್ತದೆ. ಆಮೇಲೆ ಹೊಟ್ಟೆಗೆ. ಲಾಡ್ಲಿಗಿಂತ ಮೊದಲಿದ್ದ ಗಂಡು ಕುದುರೆ ಹಾಗೇ ಸತ್ತಿತ್ತು. ಅದನ್ನು ಕೊಯ್ದಾಗ ಮೌಲಾ ಸಾಬ್ ನಿಂತು ನೋಡಿದ. ಜೋಳದ ತೆನೆಗೆ ಕಾಳು ಕೂತ ಹಾಗೆ ಹೊಟ್ಟೆಯ ಒಳಮೈಗೆಲ್ಲ ಹುಳ ಕಚ್ಚಿಕೊಂಡಿದ್ದವು. ಅವತ್ತು ಮನೆಗೆ ಬಂದು ಅನ್ನ ಮುಟ್ಟಲಿಲ್ಲ.

ಈಗ ಮಳೆ ಬಿದ್ದು ಬಿಸಿಲು ಬಂದಿತ್ತು. ಲಾಡ್ಲಿ ಸುಮ್ಮಸುಮ್ಮನೆ ಕಾಲು ಝಾಡಿಸುವುದು ಕಿಟಕಿಯಿಂದ ಕಾಣುತ್ತಿತ್ತು. ರಫೀಕ್ ಒಳ್ಳೆಯ ಮನಸ್ಸಿನಿಂದಲೇ ಬಿಸಿನೀರು ತಂದು ಕಾಲು ತೊಳೆದ. ಪಾಪ ಅಂತ ಹಗ್ಗವನ್ನೂ ಉದ್ದ ಬಿಟ್ಟ. ಅವನು ಬೆನ್ನು ತಿರುಗಿಸಿದ್ದೇ ತಡ, ಕುದುರೆ ಬಗ್ಗಿ ಒದ್ದೆ ಕಾಲನ್ನು ನೆಕ್ಕತೊಡಗಿತು. ಗುಲ್ಷನ್ ಬೀ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. ಬಿಸಿ ತಾಗಿದರೆ ಆ ಮೊಟ್ಟೆ ಒಡೆದು ಮರಿಹುಳ ಹೊರಬರುತ್ತದೆ. ಗಂಡ ಹೇಳಿದ್ದ.

ಊಟಕ್ಕೆ ಬಂದ ಮಗನಿಗೆ ಅಂದಳು: "ಕಾಲು ಕೆರಿಯೋ. ಬ್ಲೇಡು ಅಬ್ಬಾ ಅಂಗಿ ಜೇಬಲ್ಲೈತೆ."

"ಗ್ಯಾರೇಜಲ್ಲಿ ಆಟೋ ಸಾಲಾಗಿ ನಿಂತವೆ ಅಮ್ಮಿ. ಕಚ್ಚದೇ ಇರೋ ನೊಣಕ್ಕೆ ಯಾಕಿಷ್ಟು ಹೆದ್ರಿಕೆ?"

"ಕಚ್ಚಿದ್ರೆ ಕುದ್ರೇನೇ ಓಡಿಸ್ಕೊಂತಿತ್ತು. ಲಾಡ್ಲೀನ ಮನೆ ಒಳಗೆ ಕಟ್ಟು. ಕತ್ತಲಿದ್ದ ಕಡೆ ಆ ನೊಣ ಬರಲ್ಲ."

"ಕುದುರೆಗೂ ಇದ್ದತ್ ಕೂರಿಸ್ತೀಯಾ? ಬುರ್ಖಾನೂ ಹೊಲಿಸ್ಲಾ?"

ಸೊಸೆ ಹೀನಾ ಸೆರಗು ಬಾಯಿಗಿಟ್ಟು ನಕ್ಕಳು. ಗುಲ್ಷನ್ ಬೀ ನಗಲಿಲ್ಲ.

ವಾರಗಳು ಕಳೆದವು. ಲಾಡ್ಲಿ ಹುರುಳಿಯನ್ನು ಅರ್ಧಕ್ಕೇ ಬಿಡತೊಡಗಿತು. ಪಕ್ಕೆಲುಬು ಎದ್ದವು. ಒಂದು ಮಧ್ಯಾಹ್ನ ಕತ್ತು ತಿರುಗಿಸಿ, ಒಳಗಿಂದ ಯಾರೋ ಕರೆದ ಹಾಗೆ ತನ್ನ ಹೊಟ್ಟೆಯನ್ನೇ ನೋಡಿತು. ನೋಡಿ, ಮಣ್ಣಿಗೆ ಬಿದ್ದು ಹೊರಳಿತು.

ರಫೀಕ್ ಕೈಲಿದ್ದ ಸ್ಪಾನರ್ ಬಿಸಾಕಿದ. ದನದ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಡಾಕ್ಟರು ಕುದುರೆಯ ಬಾಯಿಗೆ ಔಷಧಿ ಹಾಕಿದರು.

"ಹುಳ ಬಿದ್ದೋಗ್ತವೆ. ಅವು ಕೊರ್ದಿರೋ ಗಾಯ ಮಾಯ್ಬೇಕು, ಅದು ನನ್ ಕೈಲಿಲ್ಲ. ಇನ್ಮೇಲೆ ಬಿಸಿಲಲ್ಲಿ ಕಟ್ಬೇಡ್ರಿ" ಅಂದರು.

ಅವರನ್ನು ಬಿಟ್ಟು ಬಂದ ರಫೀಕ್ ಮನೆಯ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತ. ಆ ಜಾಗಕ್ಕೆ ಟಾರ್ಪಾಲ್ ಇಳಿಬಿಟ್ಟ.

"ಎಲ್ಲಿ ಕಟ್ಲಿ ಅಮ್ಮಿ?"

"ಅಬ್ಬಾ ರೂಮಲ್ಲಿ."

"ಮಂಚ ಐತಲ್ಲ."

"ಹೊರಗೆ ಹಾಕು."

ಮೌಲಾ ಸಾಬ್ ಪ್ರಾಣ ಬಿಟ್ಟ ಮಂಚ ಅದು. ಅದರ ಚಾದರವನ್ನು ಕೂಡ ಅವಳು ಅಲ್ಲಿಯ ತನಕ ತೆಗೆದಿರಲಿಲ್ಲ. ಮಂಚ ಹೊಂಗೆ ಮರದ ಕೆಳಗೆ ಹೋಯಿತು, ಕುದುರೆ ಒಳಗೆ ಬಂತು. ಕಡಪ ಕಲ್ಲಿನ ಮೇಲೆ ಲಾಳ ಜಾರುತ್ತದೆಂದು ಹೀನಾ ಓಡಿಬಂದು ಗೋಣಿಚೀಲ ಹಾಸಿದಳು.

ಮರುದಿನ ಲದ್ದಿಯಲ್ಲಿ ಹುಳ ಬಿದ್ದಿದ್ದವು. ಕೆಂಪಗೆ, ದಪ್ಪಗೆ, ಮೈ ಸುತ್ತ ಸಣ್ಣ ಸಣ್ಣ ಮುಳ್ಳು. ರಫೀಕ್ ಬಗ್ಗಿ ನೋಡಿದ. ಹೊರಗೆ ಒಯ್ದು ಡೀಸೆಲ್ ಸುರಿದು ಕಡ್ಡಿ ಗೀರಿದ. ಅಮ್ಮಿಯ ಮುಖ ನೋಡಲಿಲ್ಲ.

ಗುಲ್ಷನ್ ಬೀ ನೆನೆಸಿದ ಹುರುಳಿಯ ಬಕೆಟ್ಟನ್ನು ಲಾಡ್ಲಿಯ ಮುಂದಿಟ್ಟಳು. ಕುದುರೆ ಮೂಸಿತು. ತುಟಿ ಅದ್ದಿತು. ಆಮೇಲೆ ತಲೆ ಎತ್ತಿ ಗೋಡೆಯ ಕಡೆ ತಿರುಗಿ ನಿಂತಿತು.

"ತಿಂತಾ ಅಮ್ಮಿ?" ಟಾರ್ಪಾಲಿನ ಆಚೆಯಿಂದ ರಫೀಕ್ ಕೇಳಿದ.

"ಇನ್ನೂ ಇಲ್ಲ."

ಅವಳು ಒಂದು ಹಿಡಿ ಹುರುಳಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಗಂಡನ ಮಂಚವಿದ್ದ ಜಾಗದಲ್ಲಿ ಕೂತಳು.